ಬೇಲಿ ಎಷ್ಟೆತ್ತರ ಇರಬೇಕು? ಕೊಡಗಿನ ಇಬ್ಬರು ಶಾಸಕರಿಗೆ ಒಂದು ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಬ್ಬರಿಗೆ,

ನಮಸ್ಕಾರ.

ಆನೆ, ರಸ್ತೆ ಗುಂಡಿ, ಕರೆಂಟು, ಕಾಳುಮೆಣಸಿನ ದರ. ನಿಮ್ಮ ಹತ್ತಿರ ಬರುವ ಅಹವಾಲುಗಳು ಹೆಚ್ಚಾಗಿ ಇವೇ. ನಾನು ಬರೆಯುತ್ತಿರುವುದು ಬೇಲಿಯ ಎತ್ತರದ ಬಗ್ಗೆ. ನಗು ಬಂದರೆ ನಕ್ಕುಬಿಡಿ, ಆದರೆ ಪೂರ್ತಿ ಓದಿ. ನಮ್ಮ ಜಿಲ್ಲೆಯಲ್ಲಿ ಅಕ್ಕಪಕ್ಕದ ಮನೆಯವರು ಮಾತು ಬಿಟ್ಟಿದ್ದರೆ ಕಾರಣ ಕೇಳಿ ನೋಡಿ. ಒಂದೋ ಜಾಗದ ತಕರಾರು, ಇಲ್ಲದಿದ್ದರೆ ಬೇಲಿ, ಕಾಂಪೌಂಡು, ಗಡಿ ಮರ.

ಜಾಗದ ತಕರಾರಿಗೆ ಒಂದು ದಾರಿಯಾದರೂ ಇದೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯವರು ಬರುತ್ತಾರೆ. ತಡವಾಗಿಯಾದರೂ ಬರುತ್ತಾರೆ. ಅಳೆದು ಗಡಿ ತೋರಿಸಿ ಹೋಗುತ್ತಾರೆ. ಆ ಗಡಿಯ ಮೇಲೆ ಬೇಲಿ ಎಷ್ಟು ಎತ್ತರಕ್ಕೆ ಹೋಗಬಹುದು ಅಂತ ಕೇಳಿದರೆ ಮಾತ್ರ ಉತ್ತರ ಕೊಡುವವರಿಲ್ಲ. ಪಂಚಾಯಿತಿಯಲ್ಲಿ ‘ಇದು ಸಿವಿಲ್ ವಿಷಯ’ ಅಂದರು. ಠಾಣೆಯಲ್ಲೂ ಅದೇ ಮಾತು. ಸರ್ವೆಯವರು ‘ಬೇಲಿ ಅವರ ಜಾಗದಲ್ಲೇ ಇದೆಯಲ್ಲ, ಇನ್ನೇನು’ ಅಂದರು. ಎಲ್ಲರೂ ಅಡ್ಡಗೋಡೆ ಮೇಲೆ ದೀಪ ಇಟ್ಟವರೇ.

ನಮ್ಮ ವಿಷಯವನ್ನೇ ಹೇಳುತ್ತೇನೆ. ನಾವು ಕಾಫಿ ಒಣಗಿಸುವ ಕಣದ ದಕ್ಷಿಣಕ್ಕೆ ಪಕ್ಕದವರ ಗಡಿ. ಅವರು ಗಡಿಗುಂಟ ಸಿಲ್ವರ್ ಓಕ್ ಸಾಲು ನೆಟ್ಟಿದ್ದಾರೆ. ಕೆಳಗೆ ಒತ್ತಾಗಿ ಡುರಂಟಾ ಅನ್ನುವ ಬೇಲಿ ಗಿಡ ಬೆಳೆಸಿದ್ದಾರೆ. ಒಂದೆರಡು ಮಳೆಗಾಲದಲ್ಲಿ ಡುರಂಟಾ ಆಳೆತ್ತರ ದಾಟಿತು. ಓಕ್ ಅಂತೂ ಕೇಳುವುದೇ ಬೇಡ. ಅವರು ಕೆಟ್ಟವರಲ್ಲ. ಮನೆಯಂಗಳ ರಸ್ತೆಗೆ ಕಾಣಬಾರದು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬಹುದು ಅಂತ ಅವರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ನಮ್ಮ ಕಣಕ್ಕೆ ಬಿಸಿಲು ಬೀಳುವುದಿಲ್ಲ ಅನ್ನುವುದೊಂದೇ ತೊಂದರೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ಈ ಜಗಳದಲ್ಲಿ ಯಾರೂ ಲೆಕ್ಕ ಹಾಕುವುದೇ ಇಲ್ಲ. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಅದರ ಹಿಂದೆಯೇ ರೊಬಸ್ಟಾ, ಮಾರ್ಚ್‌ವರೆಗೂ ಹೋಗುತ್ತದೆ. ಅಂದರೆ ಕಣ ತುಂಬಿರುವುದೇ ಸೂರ್ಯ ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ. ಮಡಿಕೇರಿ ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, 54 ಡಿಗ್ರಿಗೇ ನಿಲ್ಲುತ್ತಾನೆ. ಆಗ 10 ಅಡಿ ಬೇಲಿಯ ನೆರಳು ಉತ್ತರಕ್ಕೆ 7 ಅಡಿ ದಾಟುತ್ತದೆ. ಬೆಳಿಗ್ಗೆ 9 ಗಂಟೆಗೆ ಅದೇ ನೆರಳು ವಾಯವ್ಯಕ್ಕೆ ಓರೆಯಾಗಿ ಸುಮಾರು 19 ಅಡಿ. ಬೇಲಿಯ ಬದಲು 40 ಅಡಿಯ ಸಿಲ್ವರ್ ಓಕ್ ಇದ್ದರೆ ನಡು ಮಧ್ಯಾಹ್ನವೇ 29 ಅಡಿ. ಒಂದು ಸಣ್ಣ ಬೆಳೆಗಾರನ ಕಣದಲ್ಲಿ ಇನ್ನು ಉಳಿದದ್ದೆಷ್ಟು? ಜೂನ್ ತಿಂಗಳಲ್ಲಾದರೆ ಮಧ್ಯಾಹ್ನದ ನೆರಳು ಅವರ ಕಡೆಗೇ ಬೀಳುತ್ತದೆ. ಆದರೆ ಜೂನ್‌ನಲ್ಲಿ ಕೊಡಗಿನಲ್ಲಿ ಬಿಸಿಲು ಎಲ್ಲಿದೆ ಹೇಳಿ!

ಒಳ್ಳೆ ಬಿಸಿಲಿದ್ದರೆ ಚೆರಿ, ಅಂದರೆ ಕಾಫಿ ಹಣ್ಣು, ಹನ್ನೆರಡು ಹದಿನೈದು ದಿನದಲ್ಲಿ ಒಣಗುತ್ತದೆ. ನೆರಳಿನಲ್ಲಿ ಎಳೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಒಂದು ಅಕಾಲದ ಮಳೆ ಬಂದರೆ ಬೂಸ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ವ್ಯಾಪಾರಿ ಮುಖ ತಿರುಗಿಸುತ್ತಾನೆ. ಇದನ್ನು ಬರೀ ‘ನೆರೆಹೊರೆಯ ಕಿರಿಕಿರಿ’ ಅಂತ ತಳ್ಳಿಬಿಡಬೇಡಿ.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಮಗಿರುವುದು 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಪಕ್ಕದವರ ಜಾಗದ ಮೇಲೆ ನಮಗಿರುವ ಹಕ್ಕುಗಳ ಕಾಯ್ದೆ. ಅದು ಮೊದಲು ಜಾರಿಗೆ ಬಂದದ್ದು ಮೂರೇ ಆಡಳಿತಗಳಲ್ಲಿ. ಮದ್ರಾಸ್, ಮಧ್ಯ ಪ್ರಾಂತ್ಯ, ಮತ್ತು ಚೀಫ್ ಕಮಿಷನರ್ ಕೈಕೆಳಗಿದ್ದ ನಮ್ಮ ಕೊಡಗು. ಅಂದರೆ ದೇಶದ ಎಷ್ಟೋ ಕಡೆಗಿಂತ ಮೊದಲೇ ಇದು ನಮ್ಮ ಮೇಲಿತ್ತು. ಈ ಕಾಯ್ದೆಯ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ಅಡ್ಡಿಯಿಲ್ಲದೆ ಗಾಳಿ ಬೆಳಕು ಬಂದಿದ್ದರೆ ಅದೊಂದು ಹಕ್ಕಾಗುತ್ತದೆ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವರಿಗೆ ಅದು ಇಲ್ಲ, 20 ವರ್ಷ ಕಾಯಬೇಕು. ಹಕ್ಕು ಇದ್ದವರೂ ಗಣನೀಯ ತೊಂದರೆ ಆಗಿದೆ ಅಂತ ಕೋರ್ಟಿಗೆ ತೋರಿಸಬೇಕು.

ಕಣದವರಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇದೆ. ಅದೇ ಕಾಯ್ದೆಯ 17ನೇ ಕಲಂ ಓದಿ. ಖಾಲಿ ನೆಲಕ್ಕೆ ಗಾಳಿ ಬೆಳಕು ಬರುವ ಹಕ್ಕನ್ನು ಎಷ್ಟು ವರ್ಷ ಅನುಭವಿಸಿದರೂ ಗಳಿಸಲಾಗದು ಅಂತ ನೇರವಾಗಿ ಬರೆದಿದೆ. ಕಣ ಖಾಲಿ ನೆಲ. ಅಜ್ಜನ ಕಾಲದಿಂದ ಅಲ್ಲಿ ಕಾಫಿ ಒಣಗಿಸಿದ್ದರೂ ಅಷ್ಟೇ. ಕೊಂಬೆ ನಮ್ಮ ಕಡೆಗೆ ಚಾಚಿದರೆ ಗಡಿಯವರೆಗೆ ಕತ್ತರಿಸಿಕೊಳ್ಳಬಹುದು ಅನ್ನುವುದು ಹಳೆಯ ನ್ಯಾಯ. ಆದರೆ ಸಿಲ್ವರ್ ಓಕ್ ಚಾಚುವ ಮರವೇ ಅಲ್ಲ, ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಹಾಗಾಗಿ ನಾವು ಕೋರ್ಟಿಗೆ ಹೋದರೆ ವಕೀಲರ ಫೀಸು ಮಾತ್ರ ಗ್ಯಾರಂಟಿ. ಅದಕ್ಕೇ ನಿಮ್ಮ ಬಳಿ ಬಂದದ್ದು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿ ಲೇಲ್ಯಾಂಡಿ ಅನ್ನುವ, ಬೇಗ ಬೆಳೆಯುವ ಗಿಡದ ಬೇಲಿಗಳಿಂದ ಜಗಳ ಹೆಚ್ಚಾಗಿ, 2003ರ ಕಾಯ್ದೆಯೊಂದರಲ್ಲಿ ಎತ್ತರದ ಬೇಲಿಗೆ ಅಂತಲೇ ಒಂದು ಭಾಗ ಸೇರಿಸಿದರು. 2005ರ ಜೂನ್‌ನಿಂದ ಅದು ಜಾರಿಯಲ್ಲಿದೆ. ಎರಡೋ ಹೆಚ್ಚೋ ಗಿಡಗಳ ಸಾಲಾಗಿರಬೇಕು, ಹೆಚ್ಚುಪಾಲು ವರ್ಷವಿಡೀ ಹಸಿರಾಗಿರುವ ಜಾತಿಯಾಗಿರಬೇಕು, 2 ಮೀಟರ್ ದಾಟಿರಬೇಕು. ಮೊದಲು ನೆರೆಯವರ ಜೊತೆ ಮಾತಾಡಿ ಬಗೆಹರಿಸಲು ನೋಡಬೇಕು. ಆಗಲಿಲ್ಲ ಅಂದರೆ ಸ್ಥಳೀಯ ಕೌನ್ಸಿಲ್‌ಗೆ ದೂರು. ಅವರು ಬಂದು ನೋಡಿ, ಬೇಕಾದರೆ ಇಷ್ಟಕ್ಕೆ ಇಳಿಸಿ ಅಂತ ನೋಟಿಸ್ ಕೊಡುತ್ತಾರೆ. ಸ್ಕಾಟ್ಲೆಂಡ್ 2013ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ನಮಗೆ ಕಾಫಿ ತೋಟ ಮಾಡಲು ಕಲಿಸಿದ ದೊರೆಗಳು ಇದನ್ನೂ ಬಿಟ್ಟುಹೋಗಿದ್ದರೆ ಚೆನ್ನಾಗಿತ್ತು. ಸಿಲ್ವರ್ ಓಕ್ ಒಂದು ಉಳಿಯಿತು, ಅದೂ ಆಸ್ಟ್ರೇಲಿಯಾದ ಮರ.

ಆ ‘2 ಮೀಟರ್’ ಅನ್ನು ಹಾಗೇ ತಂದು ಇಲ್ಲಿ ಹಾಕಿ ಅಂತ ಕೇಳುತ್ತಿಲ್ಲ. ಇಡೀ ಕೊಡಗಿಗೆ ಒಂದೇ ಎತ್ತರ ಅಂತ ನಿಯಮ ಮಾಡಿದರೆ ಹೊಸ ಜಗಳ ಹುಟ್ಟುತ್ತದೆ ಅಷ್ಟೇ. ಎತ್ತರವನ್ನು ಜಾಗ ನೋಡಿ ನಿಗದಿ ಮಾಡಬೇಕು ಅನ್ನುವುದು ನನ್ನ ಬೇಡಿಕೆ. ಪಶ್ಚಿಮದ ಬೇಲಿ ಎತ್ತರ ಇದ್ದರೆ ಮುಂಗಾರಿನ ಗಾಳಿಗೆ ತಡೆ, ಮನೆ ಹೆಂಚಿಗೂ ಒಳ್ಳೆಯದು. ಅದನ್ನು ಯಾಕೆ ಕಡಿಸಬೇಕು? ಅದೇ ಬೇಲಿ ಪಕ್ಕದವರ ಕಣದ ದಕ್ಷಿಣಕ್ಕೆ ಬಂದರೆ ಕಥೆ ಬೇರೆ. ಬೆಳಕು ಹಾಯುವ ಸೋಲಾರ್ ತಂತಿ ಬೇಲಿ ಎಷ್ಟೆತ್ತರ ಇದ್ದರೂ ಯಾರಿಗೂ ತೊಂದರೆ ಇಲ್ಲ. ಆನೆಗೆ ಅಂತ ಮೇಲಿನಿಂದ ತಂತಿ ಇಳಿಬಿಡುವ ಬೇಲಿ ಎತ್ತರ ಇರಲೇಬೇಕು. ಅದನ್ನೂ ತಗಡಿನ ಶೀಟನ್ನೂ ಒಂದೇ ನಿಯಮದಲ್ಲಿ ಅಳೆಯಬಾರದು.

ಆನೆಯ ಮಾತು ಬಂತು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ರಸ್ತೆಗಳಲ್ಲಿ ಬೆಳಿಗ್ಗೆ ಮುಂಚೆ ತೋಟದ ಕೆಲಸಕ್ಕೆ ನಡೆದು ಹೋಗುವವರನ್ನು ನೀವು ನೋಡಿರುತ್ತೀರಿ. ರಸ್ತೆ ಬದಿಯ ಬೇಲಿ ದಟ್ಟವಾಗಿ ತಲೆ ಮೇಲೆ ಬೆಳೆದಿದ್ದರೆ ಅದರ ಹಿಂದೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ತಿರುವುಗಳಲ್ಲಿ ಎದುರಿನ ಜೀಪು ಕಾಣುವುದಿಲ್ಲ, ಹಾರ್ನ್ ನಂಬಿಕೊಂಡು ತಿರುಗಿಸಬೇಕು. ಅಂಥ ತಿರುವಿನಲ್ಲಿ ಬೇಲಿ ಸೊಂಟದೆತ್ತರ ದಾಟಬಾರದು. ಈ ಒಂದು ವಿಷಯದಲ್ಲಿ ನನಗೆ ಯಾವ ರಿಯಾಯಿತಿಯೂ ಬೇಡ. ನಮ್ಮ ಸ್ವಂತ ಬೇಲಿಗೂ ಅನ್ವಯಿಸಲಿ.

ಇಟ್ಟಿಗೆ, ಸಿಮೆಂಟಿನ ಕಾಂಪೌಂಡಿಗೆ ಬರೀ ಎತ್ತರ ನೋಡಿದರೆ ಸಾಲದು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಜಾಸ್ತಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ನೀರು ಹೋಗಲು ತೂತು ಬಿಡದೆ ಕಟ್ಟಿದ ಗೋಡೆ ಕೆಳಗಿನ ಮನೆಯವರ ತಲೆಯ ಮೇಲೆ ಇರುವಂಥದ್ದು.

ಈಗ ಒಂದು ಭಯದ ಮಾತು. ಬೇಲಿ ಎತ್ತರಕ್ಕೆ ನಿಯಮ ಬಂತು ಅಂದ ತಕ್ಷಣ ಅದನ್ನೇ ನೆಪ ಮಾಡಿಕೊಂಡು ಗಡಿಯ ಹಲಸು, ಅತ್ತಿ, ನಂದಿ ಮರಗಳ ಬುಡಕ್ಕೆ ಕೊಡಲಿ ಹಾಕುವವರು ನಮ್ಮಲ್ಲೇ ಇದ್ದಾರೆ. ಹಾಗಾಗಬಾರದು. ಇಂಗ್ಲೆಂಡಿನವರ ‘ಎರಡೋ ಹೆಚ್ಚೋ ಗಿಡಗಳ ಸಾಲು’ ಅನ್ನುವ ಮಾತು ಇಲ್ಲಿ ನಮಗೆ ಬೇಕು. ಒಂಟಿ ಹಲಸಿನ ಮರ ಬೇಲಿಯಲ್ಲ. ಗಡಿಗುಂಟ ಒತ್ತಾಗಿ ನೆಟ್ಟ ಸಿಲ್ವರ್ ಓಕ್ ಬೇಲಿಯೇ. ಸಿಲ್ವರ್ ಓಕ್ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕಿಲ್ಲ, ಆ ಜಾತಿಗೆ ವಿನಾಯಿತಿ ಇದೆ. ಹಾಗಾಗಿ ‘ಫಾರೆಸ್ಟ್‌ನವರು ಬಿಡಲ್ಲ’ ಅನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ. ಕಡಿಯಲೇಬೇಕು ಅಂತಲೂ ಇಲ್ಲ. ವರ್ಷಕ್ಕೊಮ್ಮೆ ತೋಟದಲ್ಲಿ ನೆರಳಿನ ಮರಗಳ ಕಪಾತು ಮಾಡಿಸುತ್ತೇವೆ ಅಲ್ವಾ, ಅದೇ ಆಳುಗಳಿಗೆ ಅರ್ಧ ದಿನದ ಕೆಲಸ. ತುದಿ ಇಳಿಸಿ, ಕೊಂಬೆ ಸವರಿದರೆ ಮೆಣಸಿನ ಬಳ್ಳಿಗೂ ಬೆಳಕು.

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗಳು ಬೈಲಾ, ಅಂದರೆ ತಮ್ಮದೇ ಸ್ಥಳೀಯ ನಿಯಮ, ಮಾಡಿಕೊಳ್ಳಲು ಅವಕಾಶ ಇದೆ. ಪ್ರತಿ ಪಂಚಾಯಿತಿಯೂ ಕಾನೂನು ಬರೆಯುತ್ತ ಕೂರುವುದು ಆಗದ ಮಾತು. ಜಿಲ್ಲೆಗೆ ಒಂದು ಮಾದರಿ ಬೈಲಾ ಸಿದ್ಧಪಡಿಸಿ ಕೊಡಿಸಿ. ಅದರಲ್ಲಿ ಪಕ್ಕದವರ ಮನೆ ಅಥವಾ ಕಣದಿಂದ 30 ಅಡಿಯೊಳಗೆ ಬೆಳಕು ಹಾಯದ ಬೇಲಿ 6 ಅಡಿ ದಾಟಬೇಕಾದರೆ ಅವರ ಲಿಖಿತ ಒಪ್ಪಿಗೆ ಇರಲಿ. ಈಗಾಗಲೇ ಬೆಳೆದಿರುವುದನ್ನು ಇಳಿಸಲು ಒಂದು ಕಪಾತು ಕಾಲ ಪೂರ್ತಿ ಸಮಯ ಕೊಡಿ. ಈ ಅಂಕಿಗಳು ನನ್ನ ಅಂದಾಜು, ಬೇರೆಯವರು ಇನ್ನೂ ಒಳ್ಳೆಯದನ್ನು ಹೇಳಬಹುದು. ಆದರೆ ದೂರು ಬಂದರೆ ಪಿಡಿಒ ತಿಂಗಳೊಳಗೆ ಸ್ಥಳಕ್ಕೆ ಬಂದು ನೋಡಲೇಬೇಕು ಅನ್ನುವುದನ್ನು ಮಾತ್ರ ಬಿಡಬೇಡಿ. ಅದೂ ಕೊಯ್ಲಿನ ಕಾಲದಲ್ಲಿ, ಬೆಳಿಗ್ಗೆ 9ಕ್ಕೆ ಬರಲಿ. ಮೇ ತಿಂಗಳ ಮಧ್ಯಾಹ್ನ ಬಂದು ‘ಇಲ್ಲಿ ನೆರಳೇ ಇಲ್ಲವಲ್ಲ’ ಅಂದರೆ ಏನು ಪ್ರಯೋಜನ?

ಪಂಚಾಯಿತಿಯ ತೀರ್ಮಾನ ಒಪ್ಪದವರು ಲೋಕ ಅದಾಲತ್‌ಗೆ ಹೋಗಲಿ. ಅಲ್ಲಿ ಕೋರ್ಟು ಫೀಸಿಲ್ಲ. ಕೇಸು ಹಾಕುವ ಮೊದಲೇ ರಾಜಿ ಮಾಡಿಕೊಳ್ಳಬಹುದು.

ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ನೀವಿಬ್ಬರೂ ಒಂದೇ ಒಂದು ಪ್ರಶ್ನೆ ಕೇಳಿ. ಬೇಲಿ, ಕಾಂಪೌಂಡು, ಗಡಿ ಮರದ ಬಗ್ಗೆ ಕಳೆದ ಒಂದು ವರ್ಷದಲ್ಲಿ ಯಾವ ಪಂಚಾಯಿತಿಗೆ ಎಷ್ಟು ದೂರು ಬಂದಿದೆ, ಅದರಲ್ಲಿ ಎಷ್ಟಕ್ಕೆ ಲಿಖಿತ ಉತ್ತರ ಕೊಟ್ಟಿದ್ದೀರಿ? ಪಟ್ಟಿ ತರಿಸಿಕೊಳ್ಳಿ. ಅದು ನಿಮ್ಮ ಕೈಗೆ ಬಂದ ಮೇಲೆ ಕರಡು ಬೈಲಾವನ್ನು ಗ್ರಾಮಸಭೆಗಳ ಮುಂದೆ ಇಡಿಸಿ. ನವೆಂಬರಿಗೆ ಮೊದಲು ಆದರೆ ಈ ಸಲದ ಕೊಯ್ಲಿಗೇ ಉಪಯೋಗ ಆಗುತ್ತದೆ.

ಇಂತಿ ನಿಮ್ಮ ಮತದಾರ,
ಕೊಡಗಿನ ಒಬ್ಬ ಸಣ್ಣ ಕಾಫಿ ಬೆಳೆಗಾರ

ಪ್ರತಿ: ಜಿಲ್ಲಾಧಿಕಾರಿಗಳಿಗೆ, ಮತ್ತು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ