ಟೈಲ್ಸ್ ಬಂತು, ಗೃಹಪ್ರವೇಶ ಆಯ್ತು, ಮೇಸ್ತ್ರಿಗೊಂದು ದೊಡ್ಡ ನಮಸ್ಕಾರ

ಮನೆಗೆ ಬಂದು ಹರಸಿದವರಿಗೆ, ಬರೋಕಾಗದೆ ಫೋನಿನಲ್ಲೇ ಹರಸಿದವರಿಗೆ, ಎಲ್ಲರಿಗೂ ನಮಸ್ಕಾರ. ಆಷಾಢ ಹಿಡಿಯೋ ಮೊದಲೇ ದಾವಣಗೆರೆಯ ಹೊಸ ಮನೆಯಲ್ಲಿ ಹಾಲು ಉಕ್ಕಿತು. ನೆಲಕ್ಕೆ ಆರ್ಡರ್ ಕೊಟ್ಟ ಟೈಲ್ಸ್ ಹೊತ್ತಿಗೆ ಬಾರದೆ ನಮ್ಮನ್ನು ಕಾಯಿಸಿದ ಪುರಾಣವನ್ನು ನಿಮ್ಮಲ್ಲಿ ಬಹಳ ಜನ ಕಂತುಕಂತಾಗಿ ಕೇಳಿದ್ದೀರಿ, ಮತ್ತೆ ಬಿಚ್ಚಲ್ಲ.

ಮನೆ ಯಾವಾಗ ಖಾಲಿ ಮಾಡ್ತೀರಿ ಅಂತ ಒಂದು ಮಾತೂ ಕೇಳದ ಬಾಡಿಗೆ ಮನೆ ಓನರ್ ಆಂಟಿ, ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಹಚ್ಚಿ ಹಚ್ಚಿ ಹಿಂದಿಯಲ್ಲಿ ಜಗಳ ಕಾಯ್ದ ಮೈದುನ, ಬಾಕ್ಸ್ ಇಡೋಕೆ ಪೋರ್ಟಿಕೋ ಬಿಟ್ಟುಕೊಟ್ಟ ಎದುರು ಮನೆಯವರು, ಮುಹೂರ್ತ ಹುಡುಕಿಕೊಟ್ಟ ಪುರೋಹಿತರು, ಬಣ್ಣದ ಹುಡುಗರು, ಬಡಗಿ, ಮಳೆಯಲ್ಲೂ ಬಂದ ಹಮಾಲರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಇವತ್ತಿನ ಜಾಗವೆಲ್ಲ ಮೇಸ್ತ್ರಿಯವರದು.

ಹರಿಹರದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಟೈಲ್ಸ್ ಕೂರಿಸೋರು ಟೈಲ್ಸ್ ಬಂದ ಮೇಲೆ ಬರ್ತಾರೆ. ಇವರು ಆರ್ಡರ್ ಕೊಡೋ ಮೊದಲೇ ಬಂದ್ರು. ಅಂಗಡಿಯವರು ನೆಲ 1,200 ಚದರಡಿ ಹಿಡಿದು, ಎಂಟು ಪರ್ಸೆಂಟ್ ವೇಸ್ಟೇಜ್ ಸೇರಿಸಿ 84 ಬಾಕ್ಸ್ ಅಂತ ಬರೆದಿದ್ರು. 600×1200 ಮಿ.ಮೀ. ಟೈಲ್ಸ್ ಬಾಕ್ಸಿಗೆ ಎರಡು ಬರುತ್ತೆ, ಅಂದ್ರೆ 15.5 ಚದರಡಿ. ಲೆಕ್ಕ ಸರಿಯೇ ಇತ್ತು. ಮೇಸ್ತ್ರಿ ಟೇಪ್ ಹಿಡಿದು ಗೋಡೆಗುಂಟ ಒಂದು ಸುತ್ತು ಬಂದು, “ಸ್ಕರ್ಟಿಂಗ್ ಎಲ್ಲಿಂದ ತರ್ತೀರಿ ಅಕ್ಕಾರೆ?” ಅಂದ್ರು. ಸ್ಕರ್ಟಿಂಗ್ ಅಂದ್ರೆ ಗೋಡೆಯ ಬುಡಕ್ಕೆ ಹಚ್ಚೋ ಟೈಲ್ಸ್ ಪಟ್ಟಿ. ಬಾಗಿಲು ಬಿಟ್ಟು ಗೋಡೆ ಉದ್ದ 300 ಅಡಿ, ಎತ್ತರ 4 ಇಂಚು, ಅಲ್ಲಿಗೆ 100 ಚದರಡಿ. ಅದನ್ನೂ ಸೇರಿಸಿದರೆ 91 ಬಾಕ್ಸ್.

ಏಳು ಬಾಕ್ಸ್ ತಾನೇ, ಆಮೇಲೆ ತರಿಸಿದರಾಯ್ತು ಅನ್ನೋ ಹಾಗಿಲ್ಲ. ಗೂಡಿನಲ್ಲಿ ಸುಮಾರು 1,200 ಡಿಗ್ರಿಗೆ ಸುಡುವಾಗ ಟೈಲ್ಸ್ ಕುಗ್ಗುತ್ತೆ. ಮಣ್ಣು, ಬಣ್ಣ, ಶಾಖ ಯಾವುದೊಂದು ಚೂರು ಆಚೀಚೆ ಆದರೂ ಶೇಡ್ ಬದಲಾಗುತ್ತೆ, ಅಳತೆಯೂ ಬದಲಾಗುತ್ತೆ. ಒಂದೇ ಹಿಟ್ಟಿನ ರೊಟ್ಟಿ ಒಂದೊಂದು ಹಂಚಿಗೆ ಒಂದೊಂದು ಬಣ್ಣ ಬರಲ್ವಾ, ಹಾಗೆ. ಅದಕ್ಕೇ ಬಾಕ್ಸಿನ ಮೇಲೆ ಡಿಸೈನ್ ಹೆಸರಿನ ಜೊತೆ ಬ್ಯಾಚ್ ಅಥವಾ ಶೇಡ್ ನಂಬರ್, ಕ್ಯಾಲಿಬರ್ ಅಂತ ಅಳತೆಯ ಗುರುತು ಇರೋದು. ಆಮೇಲೆ ತರಿಸಿದ ಏಳು ಬಾಕ್ಸ್ ಬೇರೆ ಬ್ಯಾಚ್ ಆಗಿರೋದೇ ಹೆಚ್ಚು.

ತಡ ಎಲ್ಲೆಲ್ಲಿ ಆಗುತ್ತೆ ಅಂತಲೂ ಅವರೇ ಬಿಡಿಸಿ ಹೇಳಿದ್ರು, ಮನೆ ಕಟ್ಟಿಸ್ತಿರೋರಿಗಾಗಿ ಇಲ್ಲಿ ಬರೆದಿಡ್ತೀನಿ. ಅಂಗಡಿಯವರು ಸ್ಟಾಕ್ ಇದೆ ಅಂದ್ರೆ ಎಲ್ಲಿದೆ ಅಂತ ಕೇಳಿ. ಊರ ಗೋಡೌನಿನಲ್ಲಿದ್ರೆ ನಾಳೆ ಬರುತ್ತೆ. ಗುಜರಾತಿನ ಮೊರ್ಬಿಯ ಫ್ಯಾಕ್ಟರಿಯಲ್ಲಿದ್ರೆ ಲಾರಿ ಹತ್ತಬೇಕು. ಬರೀ ಕ್ಯಾಟಲಾಗಿನಲ್ಲಿದ್ರೆ, ಆ ಡಿಸೈನಿಗೆ ಸಾಕಷ್ಟು ಆರ್ಡರ್ ಕೂಡಿದ ಮೇಲೆ ಫ್ಯಾಕ್ಟರಿಯವರು ಮತ್ತೆ ತಯಾರಿಸ್ತಾರೆ, ಅಲ್ಲಿವರೆಗೆ “ಮುಂದಿನ ವಾರ ಮೇಡಂ” ಅನ್ನೋ ಮಾತೇ ಗತಿ. ಇನ್ನು ಲಾರಿಯ ಪಾಡು. ಬಾಕ್ಸಿಗೆ 28ರಿಂದ 30 ಕೆಜಿ, 91 ಬಾಕ್ಸ್ ಅಂದ್ರೆ ಎರಡೂವರೆ ಟನ್‌ಗಿಂತ ಸ್ವಲ್ಪ ಹೆಚ್ಚು. ಇಷ್ಟಕ್ಕೇ ದೊಡ್ಡ ಲಾರಿ ಹೊರಡಲ್ಲ, ಬೆಳಗಾವಿ ಹುಬ್ಬಳ್ಳಿ ಕಡೆಯ ಮಾಲು ಕೂಡಿ ತುಂಬೋವರೆಗೂ ನಮ್ಮದು ಅಲ್ಲೇ ಕೂತಿರುತ್ತೆ. ಹೊರಟ ಮೇಲೂ ಪುಣೆ ಮೇಲೆ ಹಾದು ಸಾವಿರದ ನಾನೂರು ಕಿಲೋಮೀಟರ್‌ಗೂ ಮಿಕ್ಕ ದಾರಿ, ನಡುವೆ ಊರೂರಿಗೆ ಇಳಿಸ್ತಾ ಬರಬೇಕು.

ಲೋಡ್ ಆಯ್ತು ಅನ್ನೋ ಮಾತನ್ನು ಪರೀಕ್ಷೆ ಮಾಡೋಕೆ ಒಂದೇ ದಾರಿ: ಗಾಡಿ ನಂಬರ್ ಇರೋ ಇ-ವೇ ಬಿಲ್ಲಿನ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಪತ್ರ) ಫೋಟೋ ಮತ್ತು ಎಲ್‌ಆರ್, ಅಂದ್ರೆ ಲಾರಿಯವರು ಕೊಡೋ ರಸೀತಿಯ ನಂಬರ್ ಕೇಳೋದು. ಇ-ವೇ ಬಿಲ್ಲಿಗೆ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಇರುತ್ತೆ, ಹಾಗಾಗಿ ಅದು ಕೈಗೆ ಬಂದ್ರೆ ಗಾಡಿ ಯಾವತ್ತಿನೊಳಗೆ ಬರಬೇಕು ಅನ್ನೋದಕ್ಕೆ ಒಂದು ಗಡಿ ಸಿಕ್ಕ ಹಾಗೆ. ನಮ್ಮ ಅಂಗಡಿಯಿಂದ ಅದು ಬರೋದೇ ತಡವಾಯ್ತು. ಆ ವಿಷಯ ಇಷ್ಟಕ್ಕೇ ಸಾಕು.

ಕಾಯೋ ದಿನಗಳನ್ನು ಮೇಸ್ತ್ರಿ ಸುಮ್ಮನೆ ಕಳೆಯೋಕೆ ಬಿಡಲಿಲ್ಲ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಸೀಲಿಂಗಿನಲ್ಲಿ ತೇವ ಬಂತಾ ಅಂತ ತಾವೇ ಮುಟ್ಟಿ ನೋಡಿದ್ರು. ಗೋಡೆಗೆ ಪುಟ್ಟಿ, ಪ್ರೈಮರ್, ಮೊದಲ ಕೋಟ್ ಆಗಲೇ ಮುಗಿಸಿಬಿಡಿ, ಕೊನೇ ಕೋಟ್ ಮಾತ್ರ ನೆಲ ಆದ ಮೇಲೆ ಅಂದ್ರು. ನೀರಿನ ಪೈಪಿನಲ್ಲಿ ಲೆವೆಲ್ ಹಿಡಿದು ಎಲ್ಲ ಗೋಡೆಗೂ ಗುರುತು ಹಾಕಿ, ಸಿಮೆಂಟು ಒಂದಕ್ಕೆ ಮರಳು ನಾಲ್ಕರಂತೆ ಕಲಸಿ ಟೈಲ್ಸ್ ಕೆಳಗಿನ ಗಾರೆಯ ಬೆಡ್ ಹಾಕಿ ನೀರುಣಿಸಿದ್ರು. ಬೆಡ್ ಗಟ್ಟಿಯಾಗಿ ಕೂತಿದ್ರೆ ಟೈಲ್ಸ್ ಬಂದ ದಿನವೇ ಅಡ್ಹೆಸಿವ್ ಹಚ್ಚಿ ಕೂರಿಸಬಹುದು, ಅಷ್ಟು ದಿನ ಉಳೀತು. ಅಡ್ಹೆಸಿವ್ ಚೀಲ ಮಾತ್ರ ಮೊದಲೇ ತರಿಸೋಕೆ ಬಿಡಲಿಲ್ಲ, ಮಳೆಗಾಲದ ತೇವಕ್ಕೆ ಗಂಟು ಕಟ್ಟುತ್ತೆ ಅಂತ. 3 ಮಿ.ಮೀ. ದಪ್ಪಕ್ಕೆ 20 ಕೆಜಿ ಚೀಲ 45ರಿಂದ 50 ಚದರಡಿಗೆ ಆಗುತ್ತೆ, 27 ಚೀಲ ಬರೆದಿಟ್ಕೊಳ್ಳಿ ಅಂದ್ರು. ಬಾಗಿಲು ಏರಿಸೋದು, ಮಾಡ್ಯುಲರ್ ಕಿಚನ್ ಅಳತೆ ಕೊಡೋದು ಎರಡಕ್ಕೂ ಅವರು ಅಡ್ಡ ನಿಂತ್ರು. ನೆಲದ ಮಟ್ಟ ನಿಲ್ಲದೆ ಏರಿಸಿದ ಬಾಗಿಲನ್ನು ಆಮೇಲೆ ಇಳಿಸಿ ಕೆಳಗೆ ಕೊಯ್ಯೋದು ಬಡಗಿಗೂ ಬೇಡ, ನಮಗೂ ಬೇಡ.

ಇನ್ನು ಲಾರಿ ಬಂದ ರಾತ್ರಿ.

ಆ ಗಾಡಿ ನಮ್ಮ ಕ್ರಾಸಿನೊಳಗೆ ತಿರುಗಲ್ಲ, ಮೇನ್ ರೋಡಿನಲ್ಲೇ ನಿಂತಿತು. ಮೇಲಿಂದ ಮಳೆ. ಚಿತ್ರದುರ್ಗಕ್ಕೆ ಬೆಳಗಾಗೋದರೊಳಗೆ ಹೋಗಬೇಕು ಅಂತ ಡ್ರೈವರ್ ಅವಸರ. ಮುಕ್ಕಾಲು ಟನ್ ಹೊರೋ ಚಿಕ್ಕ ಗಾಡಿಯಲ್ಲಿ ಮಾಲು ಸಾಗಿಸಬೇಕು. ಕೆಲಸ ಮುಗಿಸಿ ಹರಿಹರಕ್ಕೆ ಹೋಗಿದ್ದ ಮೇಸ್ತ್ರಿ ಬೈಕ್ ತಿರುಗಿಸಿಕೊಂಡು ಬಂದ್ರು. ಬಂದವರೇ ಮಾಡಿದ ಮೊದಲ ಕೆಲಸ, ಬಾಕ್ಸ್‌ಗಳನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಅಂತ ಕೂಗಿದ್ದು. ಎರಡನೇದು, ಜೇಬಿನಿಂದ ಚಾಕ್‌ಪೀಸ್ ತೆಗೆದಿದ್ದು. ಒದ್ದೆಯಾದ ರಟ್ಟು ಕೈಯಲ್ಲೇ ಕಿತ್ತು ಬರ್ತಿತ್ತು, ಅದರ ಜೊತೆ ಬ್ಯಾಚ್ ನಂಬರ್ ಕೂಡ. ಹಮಾಲರು ಬಾಕ್ಸ್ ಇಳಿಸ್ತಾ ಹೋದ ಹಾಗೆ ಇವರು ಟಾರ್ಚ್ ಬಿಟ್ಟು ನಂಬರ್ ಓದಿ, ಟೈಲ್ಸಿನ ಹಿಂಬದಿ ಒರೆಸಿ ಗೀರು ಎಳೀತಿದ್ರು: ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು. ಎರಡು ಗೀರಿನವು ಕಾಣಿಸಿಕೊಂಡಾಗಲೇ ಸಂಗತಿ ನಮಗೂ ಅರ್ಥ ಆಗಿದ್ದು. 62 ಬಾಕ್ಸ್ ಒಂದು ಬ್ಯಾಚು, 29 ಬಾಕ್ಸ್ ಇನ್ನೊಂದು.

ಡ್ರೈವರ್ ಸಹಿ ಮಾಡಿ ಅಂತ ಎಲ್‌ಆರ್ ಚಾಚಿದ. ಮೇಸ್ತ್ರಿ ಅದನ್ನು ಕಿತ್ತುಕೊಂಡು ಒಡೆದವು ಎಷ್ಟು, ಮೂಲೆ ಹಾರಿದವು ಎಷ್ಟು, ಬ್ಯಾಚ್ ಬೇರೆ ಬಂದಿರೋದು ಎಷ್ಟು ಅಂತ ಬರೆಸಿ, ಅವನ ಸಹಿಯನ್ನೇ ಮೊದಲು ಹಾಕಿಸಿದ್ರು. ಒಡೆದ ಮಾಲಿನ ದುಡ್ಡು ಬಿಲ್ಲಿನಲ್ಲಿ ಕಳೆದುಕೊಟ್ಟದ್ದು ಆ ಚೀಟಿ ತೋರಿಸಿದ ಮೇಲೆಯೇ.

ಮಧ್ಯರಾತ್ರಿ ದಾಟಿದ ಮೇಲೆ ಎರಡೂ ಬ್ಯಾಚಿನ ಒಂದೊಂದು ಟೈಲ್ಸ್ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಅಂಚಿನ ಮೇಲೆ ಉಗುರು ಎಳೆದು ತೋರಿಸಿದ್ರು. ಉಗುರು ತಡೀತು. ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ. ಕೇಳೋಕೆ ಏನೂ ಅಲ್ಲ, ಆದರೆ 20 ಅಡಿ ಹಾಲ್‌ನಲ್ಲಿ ಉದ್ದಕ್ಕೆ ಐದು ಟೈಲ್ಸ್ ಬರುತ್ತೆ, ಪಕ್ಕಪಕ್ಕದ ಎರಡು ಸಾಲು ಬೇರೆ ಬೇರೆ ಬ್ಯಾಚ್ ಆದ್ರೆ ಕೊನೆ ಮುಟ್ಟೋ ಹೊತ್ತಿಗೆ ಟೈಲ್ಸ್ ಸಂದಿಗೆ ಗ್ರೌಟ್ ತುಂಬೋ ಗೆರೆ ಐದು ಮಿಲಿಮೀಟರ್ ಓಡಿರುತ್ತೆ. ಸಂದು ಬಿಡೋಕೆ ಬರೀ 2 ಮಿ.ಮೀ. ಸ್ಪೇಸರ್ ಹಾಕಿದ ನೆಲದಲ್ಲಿ ಅದನ್ನು ಮುಚ್ಚೋಕೆ ಯಾವ ಮೇಸ್ತ್ರಿಗೂ ಆಗಲ್ಲ.

ಆ ಹೊತ್ತಿನ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಬಾಡಿಗೆಯೂ ಕಟ್ಟಿ, ಬ್ಯಾಂಕಿನ ಕಂತೂ ಕಟ್ಟಿ, ಊರೆಲ್ಲ ಪತ್ರಿಕೆ ಹಂಚಿ ಆಗಿತ್ತು. ಆ ರಾತ್ರಿ ನಮ್ಮಿಬ್ಬರಲ್ಲಿ ಒಬ್ಬರು ಸಾಕು, ಮಾರಿಬಿಡೋಣ ಅಂದಿದ್ರೆ ಇನ್ನೊಬ್ಬರು ಹೂಂ ಅಂದುಬಿಡ್ತಿದ್ವಿ. ನಾನು ಅತ್ತುಬಿಟ್ಟೆ, ಮರೆಮಾಚೋದೇನಿಲ್ಲ. ಎಲ್ಲ ಸೇರಿಸಿ ಹಾಕಿಬಿಡಿ ಅಣ್ಣಾ, ಯಾರು ನೋಡ್ತಾರೆ ಅಂತಲೂ ಅಂದೆ. “ನೀವು ನೋಡ್ತೀರಲ್ಲ ಅಕ್ಕಾರೆ, ದಿನಾ ಕಸ ಹೊಡೆಯೋರು ನೀವೇ” ಅಂದ್ರು. ಆಮೇಲೆ ಎಲ್ಲಿಂದಲೋ ಮಂಡಕ್ಕಿ ಮಿರ್ಚಿ ತರಿಸಿ, ಮೊದಲು ತಿನ್ನಿ, ಶೇಡ್ ವಿಷಯ ಬೆಳಕು ಹರಿದ ಮೇಲೆ ಅಂದ್ರು. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ತೀರ್ಮಾನ ಮಾಡೋ ಅಭ್ಯಾಸ ಅವರಿಗಿಲ್ಲ. ಮನೆಗೂ ಹೋಗಲಿಲ್ಲ. ಹಾಲ್‌ನಲ್ಲೇ ರಟ್ಟು ಹಾಸ್ಕೊಂಡು ಮಲಗಿದ್ರು.

ಬೆಳಿಗ್ಗೆ ಎರಡೂ ಬ್ಯಾಚನ್ನು ಹಾಲ್‌ನಲ್ಲಿ ಒಣದಾಗೇ ಜೋಡಿಸಿ, ಕಿಟಕಿ ಕಡೆಯಿಂದ ಒಮ್ಮೆ, ಬಾಗಿಲ ಕಡೆಯಿಂದ ಒಮ್ಮೆ ನೋಡಿದ್ರು. ಎರಡನೇ ಬ್ಯಾಚು ಒಂದು ಚೂರು ಹಳದಿ. ಅವರ ತೀರ್ಮಾನ ಹೀಗಿತ್ತು: 62 ಬಾಕ್ಸು ಹಾಲ್, ಊಟದ ಜಾಗ, ದೇವರ ಮನೆ, ಅಡುಗೆ ಮನೆಗೆ ಸಾಕು, ಗೃಹಪ್ರವೇಶಕ್ಕೆ ಬೇಕಾದದ್ದೂ ಅಷ್ಟೇ. 29 ಬಾಕ್ಸು ಎರಡು ಬೆಡ್‌ರೂಮಿಗೆ, ಗೃಹಪ್ರವೇಶ ಮುಗಿದ ಮೇಲೆ. ಬೆಡ್‌ರೂಮ್ ಬಾಗಿಲಲ್ಲಿ ಕಪ್ಪು ಗ್ರಾನೈಟ್ ಪಟ್ಟಿ ಹಾಕಿದ್ರೆ ಎರಡು ಶೇಡು ಒಂದಕ್ಕೊಂದು ತಾಗೋದೇ ಇಲ್ಲ, ಗೆರೆ ಕೂಡಿಸೋ ಗೋಜೂ ಇಲ್ಲ. ಬೆಡ್‌ರೂಮಿಗೆ ಒಂದೆರಡು ಬಾಕ್ಸ್ ಕಡಿಮೆ ಬೀಳೋದಕ್ಕೂ ಉಪಾಯ ಇತ್ತು. ಮೂಲೆ ಹಾರಿದವನ್ನೆಲ್ಲ ಉದ್ದಕ್ಕೆ ಕೊಯ್ದು ಸ್ಕರ್ಟಿಂಗ್, ಒಡೆದವುಗಳಲ್ಲಿ ಉಳಿದ ಒಳ್ಳೇ ಭಾಗ ವಾರ್ಡ್‌ರೋಬಿನ ಕೆಳಗೆ. ಬದಲಿ ಮಾಲು ಕಳಿಸ್ತೀವಿ ಅಂತ ಅಂಗಡಿಯವರು ಹೇಳಿದ್ರು. ಅದು ಮೂರನೇ ಬ್ಯಾಚ್ ಆಗಿರುತ್ತೆ, ಬೇಡ ಅಂದ್ರು ಮೇಸ್ತ್ರಿ.

ಅಷ್ಟು ಅವಸರದಲ್ಲೂ ಟೈಲ್ಸ್ ಬೆನ್ನಿಗೂ ತೆಳ್ಳಗೆ ಅಡ್ಹೆಸಿವ್ ಸವರಿಯೇ ಕೂರಿಸಿದ್ರು, ಕೆಳಗೆ ಟೊಳ್ಳು ಉಳಿದ್ರೆ ಮಂಚದ ಕಾಲಿಗೆ ಬಿರುಕು ಬಿಡುತ್ತೆ ಅಂತ. ಇಟ್ಟಿಗೆ ವರಸೆಯ ಹಾಗೆ ಅರ್ಧಕ್ಕೆ ಸರಿಸಿ ಜೋಡಿಸಿ ಅಂತ ನಮ್ಮವರು ಆಸೆಪಟ್ರು. ಉದ್ದನೇ ಟೈಲ್ಸು ನಡುವಲ್ಲಿ ಕೂದಲೆಳೆಯಷ್ಟು ಉಬ್ಬಿರುತ್ತೆ, ಅದರ ಪಕ್ಕ ಇನ್ನೊಂದರ ತುದಿ ಬಂದ್ರೆ ಕಾಲಿಗೆ ತಡೆಯುತ್ತೆ, ಬೇಕಿದ್ರೆ ಮೂರನೇ ಒಂದು ಭಾಗ ಸರಿಸ್ತೀನಿ ಅಂದ್ರು. ಕೊನೆಗೆ ನೇರವಾಗೇ ಹಾಕಿದ್ವಿ. ಕೂರಿಸಿದ ಮೇಲೆ 24 ಗಂಟೆ ಯಾರನ್ನೂ ಕಾಲಿಡೋಕೆ ಬಿಡಲಿಲ್ಲ, ಅತ್ತೆಯವರನ್ನೂ ಸೇರಿಸಿ.

ಗೃಹಪ್ರವೇಶಕ್ಕೆ ಬಂದವರು ಹಾಲ್‌ನಲ್ಲಿ ಹಾಸಿದ್ದ ಗೋಣಿಚೀಲ ನೋಡಿ ನಕ್ಕಿರಿ. ಅದೂ ಅವರದೇ ಏರ್ಪಾಡು. ನುಣುಪು ನೆಲದ ಮೇಲೆ ಹಸು ಜಾರಿದ್ರೆ ಗತಿಯೇನು? ಹೋಮಕುಂಡದ ಕೆಳಗೆ ಮರಳು ಹರಡಿ, ಎರಡು ವರಸೆ ಇಟ್ಟಿಗೆ ಜೋಡಿಸಿದ್ದೂ ಅವರೇ. ಬಿಸಿ ನೇರ ತಾಗಿದ್ರೆ ಟೈಲ್ಸ್ ಬಿರಿಯುತ್ತೆ, ಹೊಸ ಮನೆಗಳಲ್ಲಿ ಮೊದಲು ಹಾಳಾಗೋ ಟೈಲ್ಸು ಹೋಮದ ಕೆಳಗಿನದೇ ಅಂತೆ.

ಈಗ ಆರ್ಡರ್ ಕೊಡೋಕೆ ಹೊರಟವರು ಒಂದು ಗಮನಿಸಿ. ಕೃಷ್ಣಾಷ್ಟಮಿ ಹೊತ್ತಿಗೆ ಸೌರಾಷ್ಟ್ರದಲ್ಲಿ ಸಾತಮ್-ಆಠಮ್ ಅಂತ ದೊಡ್ಡ ಹಬ್ಬ, ಮೊರ್ಬಿಯಲ್ಲೂ ಕೆಲಸ ನಿಲ್ಲುತ್ತೆ. ದೀಪಾವಳಿಗೆ ಮುಚ್ಚಿದ್ರೆ ವ್ಯಾಪಾರ ಮತ್ತೆ ಶುರುವಾಗೋದು ಲಾಭ ಪಂಚಮಿಗೆ. ಇವೆರಡರ ಆಸುಪಾಸಿನಲ್ಲಿ ಮಾಲು ಬೇಕಿದ್ರೆ ಹಿಂದಕ್ಕೆ ಲೆಕ್ಕ ಹಾಕಿ ಆರ್ಡರ್ ಕೊಡಿ. ಬಿಲ್ಲಿನಲ್ಲಿ ಡಿಸೈನ್, ಅಳತೆ, ಎಲ್ಲ ಬಾಕ್ಸೂ ಒಂದೇ ಬ್ಯಾಚ್ ಅನ್ನೋ ಮಾತು, ತಲುಪಿಸೋ ತಾರೀಕು, 18 ಪರ್ಸೆಂಟ್ ಜಿಎಸ್‌ಟಿ ಮತ್ತು ಸಾಗಾಟ ಸೇರಿದೆಯೋ ಇಲ್ಲವೋ, ಹಮಾಲಿ ಯಾರದು, ಇಷ್ಟನ್ನು ಬರೆಸಿ. ಅಡ್ವಾನ್ಸ್ ಆಮೇಲೆ ಕೊಡಿ.

ಬೆಡ್‌ರೂಮುಗಳ ನೆಲವೂ ಆಯ್ತು, ಸೋಮವಾರ ಗ್ರೌಟಿಂಗ್. ಮೇಸ್ತ್ರಿಯವರ ಫೋನ್ ನಂಬರ್ ಬೇಕಾದವರು ನನಗೆ ಪ್ರತ್ಯೇಕವಾಗಿ ಕೇಳಿ. ದೀಪಾವಳಿವರೆಗೆ ಅವರಿಗೆ ಪುರುಸೊತ್ತಿಲ್ಲ, ಆಮೇಲಿನ ದಿನಗಳಿಗೆ ಈಗಲೇ ಹೇಳಿಡೋದು ಒಳ್ಳೇದು.