ಜಪಾನಿ ಪ್ರವಾಸಿಗರನ್ನು ಕರೆಯುವ ಮುನ್ನ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ವಿದೇಶಿ ಪ್ರವಾಸಿಗರನ್ನು ಸೆಳೆಯುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಜಪಾನಿನ ಹೆಸರು ಕೇಳಿಬರುತ್ತದೆ. ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡು, ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆಯುತ್ತ, ಧಾರಾಳವಾಗಿ ಖರ್ಚು ಮಾಡುವ ಗುಂಪಿನ ಚಿತ್ರವೇ ಹಲವರ ಮನಸ್ಸಿನಲ್ಲಿದೆ. ಆ ಚಿತ್ರಕ್ಕೆ ಮೂವತ್ತು ವರ್ಷಗಳಾದವು. ಅದನ್ನು ನಂಬಿ ಪ್ರಚಾರಕ್ಕೆ ಹಣ ಹೂಡಬಾರದೆಂದು, ಜಪಾನಿನಲ್ಲಿ ನೆಲೆಸಿರುವ ಕನ್ನಡಿಗನಾಗಿ ತಮ್ಮಲ್ಲಿ ವಿನಂತಿಸುತ್ತೇನೆ.

ಜಪಾನಿನ ಸಾಮಾನ್ಯ ಪ್ರಜೆಗೆ ವಿಹಾರಕ್ಕಾಗಿ ವಿದೇಶಕ್ಕೆ ಹೋಗುವ ಅನುಮತಿ ದೊರೆತದ್ದೇ 1964ರ ಏಪ್ರಿಲ್‌ನಲ್ಲಿ; ಅದೂ ವರ್ಷಕ್ಕೊಮ್ಮೆ, 500 ಡಾಲರ್‌ಗಳ ಮಿತಿಯೊಳಗೆ. ಆ ವರ್ಷ ಹೊರಹೋದವರು ಸುಮಾರು 1.28 ಲಕ್ಷ. ಡಾಲರಿನ ಮೌಲ್ಯ ಇಳಿಸಲು ಅಮೆರಿಕ, ಜಪಾನ್ ಸೇರಿ ಐದು ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ಬಳಿಕ, ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಜಪಾನಿನ ನಾಣ್ಯ ಯೆನ್ ಬಲಗೊಂಡು, ಕೆಲವೇ ವರ್ಷಗಳಲ್ಲಿ 130ಕ್ಕಿಂತಲೂ ಕಡಿಮೆ ಯೆನ್‌ಗೆ ಒಂದು ಡಾಲರ್ ಸಿಗುವಂತಾಯಿತು. ರಫ್ತಿನಿಂದ ಬಂದ ಹೆಚ್ಚುವರಿ ಹಣವು ಅಮೆರಿಕದ ಅಸಮಾಧಾನಕ್ಕೆ ಕಾರಣವಾಗಿದ್ದುದರಿಂದ, ಹೊರಗೆ ಹೋಗಿ ಖರ್ಚು ಮಾಡಿ ಬನ್ನಿರೆಂದು ಸರ್ಕಾರವೇ ಜನರನ್ನು ಹುರಿದುಂಬಿಸಿತು. ತನ್ನ ಪ್ರಜೆಗಳನ್ನು ಪ್ರವಾಸಕ್ಕೆ ಹೊರದೂಡಲು ಗುರಿ ನಿಗದಿಪಡಿಸಿದ ಇನ್ನೊಂದು ಸರ್ಕಾರವನ್ನು ನಾನಂತೂ ಕಾಣೆ. 1987ರಲ್ಲಿ ಆರಂಭವಾದ ಆ ಯೋಜನೆಯ ಗುರಿ ವರ್ಷಕ್ಕೆ ಒಂದು ಕೋಟಿ ಪ್ರವಾಸಿಗರು. 1990ರಲ್ಲೇ ಅದು ಕೈಗೂಡಿತು. ನಮ್ಮ ಮನಸ್ಸಿನಲ್ಲಿರುವ ಗುಂಪು ಆ ಕಾಲದ್ದು.

ಆಮೇಲಿನ ಕಥೆ ಬೇರೆ. 2000ದಲ್ಲಿ 1.78 ಕೋಟಿ ಇದ್ದ ಸಂಖ್ಯೆ 2012ರಲ್ಲಿ ಕೇವಲ 1.85 ಕೋಟಿ. 2019ರಲ್ಲಿ ಮೊದಲ ಬಾರಿಗೆ ಎರಡು ಕೋಟಿ ದಾಟಿತಾದರೂ ಕೊರೋನಾ ಬಂದೆರಗಿತು. 2024ರಲ್ಲಿ ಅದು 1.30 ಕೋಟಿಗಷ್ಟೇ ಮರಳಿದೆ. ಅದೇ ವರ್ಷ ಜಪಾನಿಗೆ ಬಂದ ವಿದೇಶಿಗರು 3.68 ಕೋಟಿಗೂ ಹೆಚ್ಚು. ಡಾಲರಿಗೆ 160ರವರೆಗೆ ಕುಸಿದ ಯೆನ್ ಬಂದವರಿಗೆ ವರವಾದರೆ, ದಶಕಗಳಿಂದ ಹೆಚ್ಚೇನೂ ಏರದ ಸಂಬಳದಲ್ಲಿ ಬದುಕುವ ಸ್ಥಳೀಯರಿಗೆ ಹೊರದೇಶದ ಊಟ, ವಸತಿಗಳೇ ದುಬಾರಿಯಾದವು. ಇಂದು ಆರು ಜಪಾನೀಯರಲ್ಲಿ ಒಬ್ಬರ ಬಳಿ ಮಾತ್ರ ಪಾಸ್‌ಪೋರ್ಟ್ ಇದೆ. ಹೋಗುವವರೂ ಹತ್ತಿರದ, ಅಗ್ಗದ ಜಾಗವನ್ನೇ ಹುಡುಕುತ್ತಾರೆ: ದಕ್ಷಿಣ ಕೊರಿಯಾಕ್ಕೆ ಹೋಗುವವರ ಸಂಖ್ಯೆ 2024ರ ವೇಳೆಗೆ ಬಹುತೇಕ 2019ರ ಮಟ್ಟಕ್ಕೆ ಮರಳಿದೆ, ಒಂದು ಕಾಲದ ಅಚ್ಚುಮೆಚ್ಚಿನ ಹವಾಯಿಗೆ ಹೋಗುವವರು 2019ರ ಅರ್ಧದಷ್ಟೂ ಇಲ್ಲ.

ಹಾಗೆಂದು ಕರ್ನಾಟಕ ಕೈಚೆಲ್ಲಬೇಕಿಲ್ಲ. ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ; ಜಪಾನೀಯರಿಗೆ ಬೆಂಗಳೂರಿನಲ್ಲಿ ಇಳಿದ ಮೇಲೆ ವೀಸಾ ಪಡೆಯುವ ಅವಕಾಶವನ್ನು ಕೇಂದ್ರ 2016ರಲ್ಲೇ ಕಲ್ಪಿಸಿದೆ. ಗಮನಿಸಬೇಕಾದದ್ದು ರಜೆಯ ಲೆಕ್ಕ. ಜಪಾನೀಯರು ಒಟ್ಟಾಗಿ ಊರು ಬಿಡುವುದು ಏಪ್ರಿಲ್ ಕೊನೆಗೆ ಶುರುವಾಗುವ ಗೋಲ್ಡನ್ ವೀಕ್ ಎಂಬ ಸಾಲು ರಜೆ, ಆಗಸ್ಟ್ ನಡುವಿನಲ್ಲಿ ಹಿರಿಯರನ್ನು ನೆನೆಯುವ ಒಬೋನ್ ಹಬ್ಬ ಮತ್ತು ಹೊಸ ವರ್ಷದ ದಿನಗಳಲ್ಲಿ. ಮೊದಲನೆಯದಕ್ಕೆ ಹಂಪಿಯ ಬಂಡೆಗಳು ಕಾದ ಕಾವಲಿ. ಎರಡನೆಯದಕ್ಕೆ ಮಲೆನಾಡಿನಲ್ಲಿ ಜಡಿಮಳೆ. ಉಳಿಯುವುದು ಹೊಸ ವರ್ಷ, ಅದರ ಜೊತೆಗೆ ಪದವಿ ಮುಗಿಸಿದ ವಿದ್ಯಾರ್ಥಿಗಳು ಗೆಳೆಯರೊಂದಿಗೆ ಪ್ರವಾಸ ಹೊರಡುವ ಫೆಬ್ರವರಿ, ಮಾರ್ಚ್. ಪ್ರಚಾರವೆಲ್ಲ ಈ ಎರಡು ಅವಧಿಗಳಿಗೆ ಮೊದಲು ನಡೆಯಲಿ. ನಾಲ್ಕೈದು ದಿನಗಳಲ್ಲಿ ಮುಗಿಯುವಂತೆ, ಬೇಲೂರು, ಹಳೇಬೀಡು, ಸೋಮನಾಥಪುರಗಳ ಸುತ್ತಾಟವನ್ನು ಜಪಾನಿ ಭಾಷೆ ಬಲ್ಲ ಮಾರ್ಗದರ್ಶಿಗಳೊಂದಿಗೆ ಹೊಂದಿಸಲಿ.

ಇನ್ನೊಂದು ಮಾತು. ಬಿಡದಿಯ ಟೊಯೋಟಾ ಕಾರು ಕಾರ್ಖಾನೆಯೂ ಸೇರಿದಂತೆ ಬೆಂಗಳೂರಿನ ಸುತ್ತಲಿನ ಜಪಾನಿ ಕಂಪನಿಗಳಿಗಾಗಿ ಬಂದು ನೆಲೆಸಿರುವ ಕುಟುಂಬಗಳಿವೆ. ತಂದೆತಾಯಿ, ಗೆಳೆಯರನ್ನು ಇಲ್ಲಿಗೆ ಕರೆಸಿಕೊಳ್ಳಬಲ್ಲವರು ಅವರೇ. ಊರಿನವರ ಅನುಭವದ ಮಾತನ್ನು ಜಪಾನೀಯರು ಜಾಹೀರಾತಿಗಿಂತ ಹೆಚ್ಚು ನಂಬುತ್ತಾರೆಂಬುದು ನಾನು ಕಂಡದ್ದು. ಟೋಕಿಯೋದ ಪ್ರವಾಸೋದ್ಯಮ ಮೇಳದಲ್ಲಿ ಮಳಿಗೆ ಕಾಯ್ದಿರಿಸುವ ಮುನ್ನ, ಇಲಾಖೆಯ ಅಧಿಕಾರಿಗಳು ಈ ಕುಟುಂಬಗಳನ್ನು ಭೇಟಿಯಾಗಿ, ಅತಿಥಿಗಳನ್ನು ಕರೆಸಿಕೊಳ್ಳಲು ಅವರಿಗಿರುವ ಅಡ್ಡಿಗಳೇನೆಂದು ಕೇಳಿ ಬರೆದುಕೊಳ್ಳುವಂತೆ ತಾವು ಸೂಚಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕವಾಗಿ,
ಟೋಕಿಯೋದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ