ಗೊಂಬೆಗಳನ್ನು ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ದಸರಾ ಹತ್ತಿರ ಬಂತು. ಮಲ್ಲೇಶ್ವರ, ಬಸವನಗುಡಿ, ಜಯನಗರದ ಅಂಗಡಿಗಳಲ್ಲಿ ಗೊಂಬೆಗಳು ಸಾಲಾಗಿ ಕೂತಿವೆ. ‘ಈಗಿನ ಮಕ್ಕಳಿಗೆ ಸಂಪ್ರದಾಯ ಅಂದರೆ ಆಸಕ್ತಿಯೇ ಇಲ್ಲ’ ಎಂಬ ಮಾತೂ ಎಂದಿನಂತೆ ಕೇಳಿಬರುತ್ತಿದೆ. ನಾನಿದನ್ನು ಒಪ್ಪುವುದಿಲ್ಲ. ಮಕ್ಕಳಿಗೆ ಆಸಕ್ತಿ ಇದೆ. ಅವರಿಗೆ ಕೆಲಸ ಕೊಡುವವರು ಕಡಿಮೆಯಾಗಿದ್ದಾರೆ.

ಈಚಿನ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಗೊಂಬೆ ಹಬ್ಬ ದೊಡ್ಡವರ ಹಬ್ಬವಾಗಿದೆ. ಮೆಟ್ಟಿಲು ಜೋಡಿಸುವುದು, ರೆಡಿಮೇಡ್ ಸೆಟ್ ತರುವುದು, ಲೈಟ್ ಹಾಕುವುದು, ಎಲ್ಲ ಅವರದೇ. ಅಪಾರ್ಟ್‌ಮೆಂಟ್‌ಗಳಲ್ಲಿ ಸ್ಪರ್ಧೆ ಬೇರೆ ಇರುತ್ತದೆ. ಬಹುಮಾನ ತಪ್ಪಿಹೋಗಬಾರದಲ್ವಾ? ಹಾಗಾಗಿ ಮಗು ಹತ್ತಿರ ಬಂದರೆ ‘ಮುಟ್ಬೇಡ, ಒಡೆದುಹೋಗತ್ತೆ’ ಅನ್ನುತ್ತೇವೆ. ಫೋಟೋಗೆ ಮಾತ್ರ ಲಂಗ ಉಡಿಸಿ ಮುಂದೆ ನಿಲ್ಲಿಸುತ್ತೇವೆ. ಸುಮ್ನೆ ನಿಂತು ನೋಡಿದ ಮಗು ದೊಡ್ಡದಾದ ಮೇಲೆ ಗೊಂಬೆ ಕೂರಿಸಲಿ ಅಂದರೆ ಹೇಗೆ?

ಹಿಂದೆ ಬೆಂಗಳೂರಿನ ಮನೆಗಳಲ್ಲಿ ಈ ಹಬ್ಬದ ಅರ್ಧ ಕೆಲಸ ಮಕ್ಕಳದೇ ಆಗಿತ್ತು. ಪಾಡ್ಯಕ್ಕೆ ಮುಂಚೆಯೇ ಅಗಲವಾದ ತಟ್ಟೆಗೆ ಮಣ್ಣು ಹರಡಿ ರಾಗಿ ಚೆಲ್ಲಬೇಕು. ದಿನಾ ನೀರು ಚಿಮುಕಿಸಬೇಕು. ಪೈರು ಹಸಿರಾಗಿ ಎದ್ದ ಮೇಲೆ ಅದೇ ‘ಪಾರ್ಕು’. ಅದರಲ್ಲಿ ಕನ್ನಡಿ ಇಟ್ಟರೆ ಕೆರೆ, ಕಲ್ಲು ಜೋಡಿಸಿದರೆ ಬೆಟ್ಟ. ಗೊಂಬೆ ಶೆಟ್ಟರ ಅಂಗಡಿಯ ಪುಟ್ಟ ಬಟ್ಟಲುಗಳಿಗೆ ಅಕ್ಕಿ, ಬೇಳೆ ತುಂಬುವವರೂ ಮಕ್ಕಳೇ. ಸಂಜೆಯಾದರೆ ಗುಂಪು ಕಟ್ಟಿಕೊಂಡು ಬೀದಿಗೆ ಹೊರಡುತ್ತಿದ್ದೆವು. ‘ಗೊಂಬೆ ಕೂರ್ಸಿದೀರಾ?’ ಎಂದು ಮನೆಮನೆ ಬಾಗಿಲಲ್ಲಿ ಕೇಳುತ್ತಿದ್ದೆವು. ಹಾಡು ಹೇಳಿದರೆ ಚರ್ಪು, ಅಂದರೆ ಏನಾದರೂ ತಿಂಡಿ, ಸಿಗುತ್ತಿತ್ತು. ಹೀಗೆ ಎಷ್ಟು ದೇವರನಾಮ, ಎಷ್ಟು ಆರತಿ ಹಾಡು ಬಾಯಿಗೆ ಬಂದವೋ! ಯಾರೂ ಕೂರಿಸಿ ಪಾಠ ಮಾಡಿದ್ದಲ್ಲ.

ಪಟ್ಟದ ಗೊಂಬೆಗಳ ಮಾತು ಹೇಳಲೇಬೇಕು. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಮರದ ರಾಜ–ರಾಣಿ ಜೋಡಿ ಅದು. ಮೊದಲು ಕೂರಿಸುವುದು ಅವರನ್ನೇ. ಅವರಿಗೆ ಅಲಂಕಾರ ಮಾಡಬೇಕು, ಹಬ್ಬ ಮುಗಿದಾಗ ಮಲಗಿಸಿ ಎತ್ತಿಡಬೇಕು. ನಮ್ಮ ಮನೆಯ ಜೋಡಿ ಅಜ್ಜಿಯ ಕಾಲದ್ದು. ರಾಣಿಯ ಮೂಗು ಸವೆದುಹೋಗಿದೆ. ಮೂರು ತಲೆಮಾರಿನ ಮಕ್ಕಳು ಮುಟ್ಟಿ ಆಡಿಸಿದ್ದಾರೆ, ಸವೆಯದೆ ಇರುತ್ತದೆಯೇ? ಹೊಸ ಬಣ್ಣ ಬಳಿಸೋಣ ಅಂದವರಿಗೆ ನಾನು ಬೇಡ ಅಂದೆ.

ನಮ್ಮೂರಿನ ಕರಗವನ್ನೇ ನೋಡಿ. ಅದನ್ನು ನಡೆಸುವ ತಿಗಳ ಸಮುದಾಯದವರ ಹೂವಿನ ತೋಟಗಳು ನಗರ ಬೆಳೆದಂತೆ ಕರಗಿಹೋದವು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆದರೂ ಚೈತ್ರದ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ಕರಗದ ಜೊತೆ ಕತ್ತಿ ಹಿಡಿದು ಸಾಗುವ ವೀರಕುಮಾರರಲ್ಲಿ ಸಣ್ಣ ಹುಡುಗರೂ ಇರುತ್ತಾರೆ. ಅಪ್ಪನ ಪಕ್ಕದಲ್ಲಿ ಅವರೂ ಪೇಟ ಕಟ್ಟಿ ನಿಲ್ಲುತ್ತಾರೆ. ಅವರ ಮುಖದ ಗಾಂಭೀರ್ಯ ನೋಡಿದ್ದೀರಾ? ಆ ರಾತ್ರಿಯಲ್ಲಿ ತಮಗೂ ಒಂದು ಹೊಣೆ ಇದೆ ಎಂದು ಅವರಿಗೆ ಗೊತ್ತು. ಕರಗ ಇವತ್ತಿಗೂ ಉಳಿದಿರುವುದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಗೊಂಬೆ ಹಬ್ಬದಲ್ಲೂ ಹೀಗೇ ಆಗಲಿ. ಇದು ಹೆಣ್ಣುಮಕ್ಕಳ ಕೆಲಸ ಎಂದು ಗಂಡುಮಕ್ಕಳನ್ನು ದೂರ ಇಡಬೇಡಿ. ರಾಗಿ ಪೈರಿಗೆ ನೀರು ಹಾಕಲು ಹುಡುಗರಿಗೇನು ಕಷ್ಟ? ಪಕ್ಕದ ಮನೆಯವರು ಬೇರೆ ರಾಜ್ಯದವರಾದರೆ ಅವರ ಮಕ್ಕಳನ್ನೂ ಕರೆಯಿರಿ. ತಮಿಳರಿಗೆ ಕೊಲು, ತೆಲುಗರಿಗೆ ಬೊಮ್ಮಲ ಕೊಲುವು ಇದೆ. ಇನ್ನುಳಿದವರಿಗೆ ಇದು ಹೊಸತು, ಅಂಥ ಮಕ್ಕಳ ಪ್ರಶ್ನೆ ಜಾಸ್ತಿ. ಉತ್ತರ ಹೇಳುವ ಕೆಲಸ ನಮ್ಮ ಮಕ್ಕಳಿಗೇ ಬಿಡಿ. ಗೊತ್ತಿಲ್ಲದ್ದನ್ನು ಅವರೇ ಬಂದು ಅಜ್ಜಿಯನ್ನು ಕೇಳುತ್ತಾರೆ.

ಒಡೆಯುವ ಭಯ ಇದ್ದರೆ ಚನ್ನಪಟ್ಟಣದ ಮರದ ಗೊಂಬೆ ತನ್ನಿ. ಊರು ಇಲ್ಲಿಂದ ಸುಮಾರು 60 ಕಿಲೋಮೀಟರ್. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತುವುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ.

ಅಪಾರ್ಟ್‌ಮೆಂಟ್ ಸಂಘಗಳವರಲ್ಲಿ ನನ್ನ ಮನವಿ ಇಷ್ಟು. ಈ ಸಲ ಥೀಮ್ ಸ್ಪರ್ಧೆ ಬಿಡಿ. ಕ್ಲಬ್‌ಹೌಸ್‌ನಲ್ಲಿ ಐದೋ ಏಳೋ ಮೆಟ್ಟಿಲು ಕಟ್ಟಿ ಮಕ್ಕಳಿಗೆ ಒಪ್ಪಿಸಿ. ಏನು ಎಲ್ಲಿ ಕೂರಬೇಕು ಎಂದು ಅವರೇ ತೀರ್ಮಾನಿಸಲಿ. ರಾಮನ ಪಕ್ಕ ಡೈನೋಸಾರ್ ಕೂತರೂ ತೆಗೆಯಬೇಡಿ. ಸಂಜೆ ಅವರು ಫ್ಲಾಟ್‌ನಿಂದ ಫ್ಲಾಟ್‌ಗೆ ಹಾಡು ಹೇಳಿಕೊಂಡು ಬರುವುದಕ್ಕೆ ಸೆಕ್ಯೂರಿಟಿಯವರಿಗೆ ಮೊದಲೇ ತಿಳಿಸಿರಿ. ಚರ್ಪಿಗೆ ಕಡಲೆ ಉಸಲಿ ಸಾಕು.

— ನಿವೃತ್ತ ಶಿಕ್ಷಕಿ, ಹನುಮಂತನಗರ, ಬೆಂಗಳೂರು